ಬಾಗಿಲಾಚೆ ಕೂತವರು

ಕೊಳ್ಳೇಗಾಲದಲ್ಲಿ ಬೆಟ್ಟದ ಬಸ್ಸು ಹತ್ತುವವರ ಕೈಯಲ್ಲಿ ಹಣ್ಣುಕಾಯಿಯ ಚೀಲವೋ ಬಟ್ಟೆಯ ಗಂಟೋ ಇರುವುದು ವಾಡಿಕೆ. ಏಪ್ರಿಲ್ ಕೊನೆಯ ಆ ಮಂಗಳವಾರ ಭವ್ಯಶ್ರೀಯ ಕೈಯಲ್ಲಿದ್ದದ್ದು ಮಕ್ಕಳನ್ನು ಕಕ್ಕಸಿಗೆ ಕೂರಿಸುವ ನೀಲಿ ಪ್ಲಾಸ್ಟಿಕ್ ಕುರ್ಚಿ. ಅದನ್ನವಳು ಎರಡು ದಿನದ ಪತ್ರಿಕೆಯಲ್ಲಿ ಸುತ್ತಿ, ಸೀರೆ ಅಂಗಡಿಯ ದೊಡ್ಡ ಚೀಲಕ್ಕೆ ಇಳಿಸಿ, ಮೇಲೆ ತನ್ನ ವೇಲನ್ನೂ ಹೊದಿಸಿದ್ದಳು. ಇಷ್ಟಾದ ಮೇಲೂ ಕುರ್ಚಿಯ ಎರಡು ಕಿವಿಗಳು ಹೊರಗೆ ಇಣುಕುತ್ತಿದ್ದವು. ಮಕ್ಕಳಿಗೆ ಇಷ್ಟವಾಗಲಿ ಎಂದು ಆನೆಯ ಆಕಾರದ್ದನ್ನೇ ಆರಿಸಿ ತಂದದ್ದು ಅವಳದೇ ಬುದ್ಧಿವಂತಿಕೆ.

"ಏನ್ ಮೇಡಂ, ಆನೆ ಕರ್ಕೊಂಡ್ ಬಂದಿದ್ದೀರಿ. ಆಧಾರ್ ಕಾರ್ಡ್ ಅದಾ ಇದ್ಕೆ? ಇದ್ರೆ ಫ್ರೀ, ಇಲ್ದಿದ್ರೆ ಟಿಕೆಟ್ಟು" ಎಂದ ಕಂಡಕ್ಟರು.

"ಆಟದ ಸಾಮಾನು."

ಪಕ್ಕದಲ್ಲಿ ಕೂತಿದ್ದ ಮುದುಕಿಗೆ ಅಷ್ಟು ಸಾಲಲಿಲ್ಲ. ಪತ್ರಿಕೆಯ ಮೇಲಿಂದಲೇ ಬೆರಳಾಡಿಸಿ, ನಡುವೆ ದೊಡ್ಡ ತೂತಿರುವುದನ್ನು ಪತ್ತೆ ಮಾಡಿ, "ತೂತದಲ್ಲವ್ವ. ಮಡಕೆ ಇಕ್ಕದಾ?" ಎಂದಳು. ಭವ್ಯಶ್ರೀ ಹೂಂ ಎಂದಳು. ಹನೂರು ದಾಟಿ ಅಜ್ಜೀಪುರ ಬರುವವರೆಗೂ, ಅರ್ಧ ಗಂಟೆಯೊಳಗೆ ಎರಡು ಸುಳ್ಳು ಹೇಳಿದೆನಲ್ಲ ಎಂದು ಅವಳು ಎಣಿಸಿಕೊಳ್ಳುತ್ತಲೇ ಇದ್ದಳು.

ಅವಳ ಸ್ವಭಾವವೇ ಹಾಗೆ. ಯಳಂದೂರಿನ ಮನೆಯಿಂದ ಹೊರಡುವಾಗ ಬೀಗವನ್ನು ಮೂರು ಸಲ ಎಳೆದು ನೋಡುತ್ತಿದ್ದಳು, ಬಸ್ಸಿನಲ್ಲಿ ಕೂತ ಮೇಲೆ ನಾಲ್ಕನೆಯದನ್ನು ನೆನೆದು ಬೆವರುತ್ತಿದ್ದಳು. ಬೆಳವಣಿಗೆ ನಿಧಾನವಾದ ಮಕ್ಕಳ ಮನೆಗೇ ಹೋಗಿ ಉಣ್ಣುವುದು, ಉಡುವುದು, ಹಲ್ಲುಜ್ಜುವುದು, ಕಕ್ಕಸಿಗೆ ಹೋಗುವುದು ಇವನ್ನೆಲ್ಲ ಕಲಿಸುವ ಒಂದು ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಸೇರಿ ಹದಿನಾಲ್ಕು ತಿಂಗಳಾಗಿತ್ತು. ಎಲ್ಲವನ್ನೂ ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಬರೆದದ್ದು ಸರಿಯೇ ಎಂದು ಪಕ್ಕದಲ್ಲಿ ಪೆನ್ಸಿಲಿನಿಂದ ಪ್ರಶ್ನೆಯ ಚಿಹ್ನೆಯನ್ನೂ ಹಾಕುತ್ತಿದ್ದಳು. ಪುಸ್ತಕದಲ್ಲಿ ಬರಹಕ್ಕಿಂತ ಪ್ರಶ್ನೆಗಳೇ ಹೆಚ್ಚಾಗಿವೆ ಎಂದು ಕಚೇರಿಯ ರಂಗನಾಯಕ ಸರ್ ಒಮ್ಮೆ ತಮಾಷೆ ಮಾಡಿದ್ದಕ್ಕೆ, ಅದು ತಮಾಷೆಯೋ ಆಕ್ಷೇಪವೋ ಎಂದು ಅವಳು ಒಂದು ವಾರ ಯೋಚಿಸಿದ್ದಳು.

ಅಜ್ಜೀಪುರದಲ್ಲಿ ಅವಳ ವಿದ್ಯಾರ್ಥಿನಿ ರಮ್ಯ. ಎಂಟು ವರ್ಷ, ಗಿಡ್ಡ ಬೆರಳು, ಮುಖ ತುಂಬ ನಗು. ಬಾಯಲ್ಲಿ ಮೂರೇ ಮಾತು: ಅಜ್ಜಿ, ಅನ್ನ, ಇಲ್ಲ. ಮೂರನೆಯದನ್ನೇ ಹೆಚ್ಚು ಬಳಸುತ್ತಿದ್ದಳು. ಹನೂರಿನಲ್ಲಿ ಇಂಥ ಮಕ್ಕಳಿಗೆಂದೇ ಒಂದು ಹಗಲು ಶಾಲೆಯಿತ್ತು. ಬೆಳಿಗ್ಗೆ ವ್ಯಾನು ಬಂದು ಕರೆದೊಯ್ಯುತ್ತದೆ, ಸಂಜೆ ತಂದು ಬಿಡುತ್ತದೆ. ಅಲ್ಲಿ ಒಂದು ಸೀಟು ಖಾಲಿಯಾಗಿತ್ತು. ಶಾಲೆಯ ಮುಖ್ಯಸ್ಥೆ ಶಿವನಂಜಮ್ಮ ಮಿಸ್ ಮಾತ್ರ ಷರತ್ತನ್ನು ಸ್ಪಷ್ಟವಾಗಿ ಹೇಳಿದ್ದರು. "ಇಪ್ಪತ್ತೆರಡು ಮಕ್ಕಳಿಗೆ ಒಬ್ಬಳೇ ಆಯಾ. ಮಗು ತಾನಾಗಿ ಹೇಳಬೇಕು, ಹೋಗಬೇಕು, ತೊಳೆದುಕೊಂಡು ಬರಬೇಕು. ಜೂನ್ ಹತ್ತರವರೆಗೆ ಸೀಟು ಇಟ್ಟಿರುತ್ತೇನೆ. ಆಮೇಲೆ ಬೇರೆ ಮಗು ಕಾದಿದೆ."

ಹಿಂದಿನ ವರ್ಷವೂ ಮನೆಯವರು ರಮ್ಯಳನ್ನು ಆ ಶಾಲೆಗೆ ಕರೆದೊಯ್ದಿದ್ದರು. ಅವಳು ಕಚೇರಿಯ ಕುರ್ಚಿಯ ಮೇಲೇ ಮಾಡಿಕೊಂಡಳು. ವಾಪಸು ಬರುವಾಗ ಬಸ್ಸಿನ ಸೀಟಿನ ಮೇಲೂ. ಜನ ಎದ್ದು ನಿಂತರು. ರಮ್ಯಳ ತಾಯಿ ಕವಿತ ತನ್ನ ಸೆರಗಿನಿಂದ ಸೀಟು ಒರೆಸಿದ್ದಳು.

"ಈ ಸಲವೂ ಆಗ್ನಿಲ್ಲ ಅಂದ್ರೆ ನಾನು ಇನ್ನೊಂದ್ ಸಲ ಕೇಳಾಕೆ ಓಗಾಕಿಲ್ಲ ಮೇಡಂ. ಮನೇಲೇ ಇರ್ಲಿ ಬುಡಿ" ಎಂದು ಕವಿತ ಮೊದಲ ದಿನವೇ ಹೇಳಿದ್ದಳು. ದನಿ ಎತ್ತರಿಸಿಯೇನೂ ಹೇಳಲಿಲ್ಲ. ಸೊಪ್ಪು ಸೋಸುತ್ತ ಹೇಳಿದಳು. ಭವ್ಯಶ್ರೀಗೆ ಆ ಮಾತು ಎದೆಯ ಮೇಲೆ ಕೂತುಬಿಟ್ಟಿತ್ತು. ಹತ್ತನೇ ತಾರೀಖಿಗೆ ಇನ್ನು ಆರು ವಾರ.

ಮನೆಯಲ್ಲಿ ಕಕ್ಕಸು ಇತ್ತು. ಇತ್ತು ಎಂದರೆ ಸಾಲದು, ಊರಿಗೇ ಚೆನ್ನಾಗಿತ್ತು. ಗೂಡ್ಸ್ ಆಟೋ ಓಡಿಸುವ ರಮ್ಯಳ ತಂದೆ ಮಾದೇಶ, ಮಗಳ ಸಲುವಾಗಿ ಹಿತ್ತಿಲಿನಲ್ಲಿ ಹೊಂಗೆಮರದ ಪಕ್ಕ ಗುಲಾಬಿ ಬಣ್ಣದ ಟೈಲ್ಸ್ ಹಾಕಿಸಿ ಕಟ್ಟಿಸಿದ್ದ. ಬಾಗಿಲಿಗೆ ಒಳಗಿನಿಂದ ಚಿಲಕ, ಹೊರಗಿನಿಂದ ಚಿಲಕ, ನಲ್ಲಿ, ಬಕೆಟ್ಟು, ಮಗ್ಗು, ಬಲ್ಬು. ಅದರ ಒಳಗೆ ರಮ್ಯ ಎಲ್ಲವನ್ನೂ ಮಾಡುತ್ತಿದ್ದಳು, ಮಾಡಬೇಕಾದ್ದೊಂದನ್ನು ಬಿಟ್ಟು. ಭವ್ಯಶ್ರೀ ಎಂಟು ಚಿತ್ರಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದಳು: ನೀರು ತಗೊ, ಬಾಗಿಲು ಹಾಕು, ಚಡ್ಡಿ ಇಳಿಸು, ಕೂರು, ಹೀಗೆ. ರಮ್ಯ ಪ್ರತಿ ಚಿತ್ರಕ್ಕೂ ಬೆರಳಿಟ್ಟು ನಗುವಳು. ಬಾಗಿಲು ಹಾಕಿದ ಕೂಡಲೇ ನಗು ನಿಲ್ಲುವುದು. ಹತ್ತು ನಿಮಿಷ ಕೂತು, ಏನೂ ಮಾಡದೆ ಎದ್ದು ಬಂದು, ಅಂಗಳದ ನಡುವೆ ನಿಂತು, ಕಾಲುವೆ ಬಿಟ್ಟ ಹಾಗೆ ಬಿಡುವಳು.

ತಾನು ಓದಿದ ಪುಸ್ತಕ ಹೇಳಿದ್ದನ್ನೆಲ್ಲ ಭವ್ಯಶ್ರೀ ಮಾಡಿದಳು. ಲಾಡಿಯ ಚಡ್ಡಿ ತೆಗೆಸಿ ಎಲಾಸ್ಟಿಕ್ಕಿನದು ಹೊಲಿಸಿದಳು. ಕತ್ತಲಿಗೆ ಹೆದರಿಕೆಯೇನೋ ಎಂದು ದೊಡ್ಡ ಬಲ್ಬು ಹಾಕಿಸಿದಳು. ಟೈಲ್ಸಿನ ತಂಪಿಗೋ ಎಂದು ಮಣೆ ಇಟ್ಟಳು. ಎತ್ತರ ಸರಿಯಿಲ್ಲವೇನೋ ಎಂದು ಈಗ ಆನೆಕುರ್ಚಿಯೂ ಬಂತು. ರಮ್ಯ ಅದರ ಮೇಲೆ ಬಟ್ಟೆಯ ಸಮೇತ ಕೂತು ಸವಾರಿ ಮಾಡಿದಳು. ಶುಕ್ರವಾರ ಭವ್ಯಶ್ರೀ ಮತ್ತೆ ಬರುವಷ್ಟರಲ್ಲಿ ಅದರ ತೂತಿನ ಮೇಲೆ ಮೊರ ಇಟ್ಟು, ಮೊರದಲ್ಲಿ ಬೆಳ್ಳುಳ್ಳಿ ಒಣಗಿಸಿದ್ದರು.

"ಎಷ್ಟ್ ಲಾಯಕ್ಕಾಗದೆ ಕಣವ್ವ ನಿನ್ನ ಆನೆ. ಇರುವೆ ಅತ್ತಾಕಿಲ್ಲ" ಎಂದಳು ರಮ್ಯಳ ಅಜ್ಜಿ ದೊಡ್ಡಬಸಮ್ಮ.

ದೊಡ್ಡಬಸಮ್ಮನಿಗೆ ಎಪ್ಪತ್ತರ ಹತ್ತಿರ. ಎಲೆಯಡಿಕೆಯ ಬಾಯಿ. ಭವ್ಯಶ್ರೀ ಬಂದಾಗಲೆಲ್ಲ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುವಳು, ಏನನ್ನೂ ಹೇಳಳು. ಆ ಮೌನ ಮೆಚ್ಚುಗೆಯೋ ಕನಿಕರವೋ ಎಂದು ಭವ್ಯಶ್ರೀ ಪುಸ್ತಕದಲ್ಲಿ ಒಂದು ಪ್ರಶ್ನೆಯ ಚಿಹ್ನೆ ಹಾಕಿಕೊಂಡಿದ್ದಳು.

ಮೂರು ವಾರ ಕಳೆಯಿತು. ಕಲಿತದ್ದು ಸೊನ್ನೆ. ಬೆಳಗಿನ ಹೊತ್ತು ಮಗು ಹೇಗಿರುತ್ತದೆ ಎಂದು ನೋಡಿದ್ದೀಯಾ ಎಂದು ರಂಗನಾಯಕ ಸರ್ ಫೋನಿನಲ್ಲಿ ಕೇಳಿದರು. ಅವಳು ನೋಡಿರಲಿಲ್ಲ. ಯಳಂದೂರಿನಿಂದ ಬರುವಷ್ಟರಲ್ಲಿ ಹತ್ತು ಗಂಟೆಯಾಗುತ್ತಿತ್ತು. ಹಾಗಾಗಿ ಒಂದು ದಿನ ಹನೂರಿನ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಮೊದಲ ಬಸ್ಸಿಗೆ ಹೊರಟು, ಆರಕ್ಕೆಲ್ಲ ಅಜ್ಜೀಪುರದಲ್ಲಿ ಇಳಿದಳು.

ಮನೆಯ ಬಾಗಿಲು ತೆರೆದಿತ್ತು, ಒಳಗೆ ಕವಿತ ಒಲೆಯ ಮುಂದಿದ್ದಳು. ಹಿತ್ತಿಲಿನ ಬೇಲಿಯಾಚೆಯಿಂದ ಮಾತು ಕೇಳಿಸಿತು. ಭವ್ಯಶ್ರೀ ಕೊಟ್ಟಿಗೆಯ ಮೂಲೆಗೆ ಹೋಗಿ ನೋಡಿದಳು. ದೊಡ್ಡಬಸಮ್ಮ, ಪಕ್ಕದ ಮನೆಯ ಶಿವಮ್ಮ, ಎದುರು ಮನೆಯ ರಾಮಮ್ಮ, ಮೂವರೂ ಚೆಂಬು ಹಿಡಿದು ಪೊದೆಗಳ ಕಡೆಗೆ ಹೊರಟಿದ್ದರು. ನಡುವೆ ಪುಟ್ಟ ಚೆಂಬು ಹಿಡಿದ ರಮ್ಯ, ಒಂದು ತೊಟ್ಟೂ ಚೆಲ್ಲದೆ, ದೊಡ್ಡವರ ಗತ್ತಿನಲ್ಲಿ ನಡೆಯುತ್ತಿದ್ದಳು.

ಅಷ್ಟು ಕಂಡ ಮೇಲೆ ಭವ್ಯಶ್ರೀ ಮರ್ಯಾದೆಗೆ ಬೆನ್ನು ತಿರುಗಿಸಿ ನಿಂತಳು. ಉಳಿದದ್ದನ್ನೆಲ್ಲ ಕಿವಿಯೇ ನೋಡಿತು. ಶಿವಮ್ಮನ ಸೊಸೆ ತವರಿಗೆ ಹೋದವಳು ಇನ್ನೂ ಬಂದಿಲ್ಲ. ರಾಮಮ್ಮನ ಎಮ್ಮೆ ಒದೆಯುತ್ತದೆ. ಮಾರ್ಟಳ್ಳಿಯಲ್ಲಿ ಯಾರೋ ತಮಿಳು ಹುಡುಗಿಯನ್ನು ಮದುವೆಯಾಗಿದ್ದಾನೆ, ಮನೆಯಲ್ಲಿ ಈಗ ಯಾರು ಯಾರಿಗೆ ಬೈದರೂ ಅರ್ಥವಾಗದೆ ಸುಖವಾಗಿದ್ದಾರೆ. ಪ್ರತಿ ಸುದ್ದಿಯ ಕೊನೆಗೆ ರಮ್ಯಳ ದನಿಯೊಂದು ಹೂಂಗುಟ್ಟುತ್ತಿತ್ತು. ಆಮೇಲೆ ನೀರಿನ ಸದ್ದು. ಆಮೇಲೆ ನಾಲ್ಕು ಜೊತೆ ಕಾಲುಗಳ ಸದ್ದು. ಬಚ್ಚಲ ಕಲ್ಲಿನ ಹತ್ತಿರ ಬಂದು ರಮ್ಯ ಬೂದಿ ಹಚ್ಚಿ ಕೈ ತಿಕ್ಕಿಕೊಂಡಳು. ಎಡಗೈ, ಬಲಗೈ, ಬೆರಳ ಸಂದಿ. ಲಂಗ ನೇರವಾಗಿತ್ತು. ಒದ್ದೆ ಎಂಬುದು ಎಲ್ಲಿಯೂ ಇರಲಿಲ್ಲ.

ಎಂಟು ಚಿತ್ರಗಳ ಪೈಕಿ ಏಳನ್ನು ಅವಳು ತಪ್ಪಿಲ್ಲದೆ ಮಾಡಿದ್ದಳು. ಬಾಗಿಲು ಹಾಕುವುದೊಂದು ಉಳಿದಿತ್ತು, ಅದೂ ಅಲ್ಲಿ ಬಾಗಿಲಿಲ್ಲದ ಕಾರಣಕ್ಕೆ.

"ಅಜ್ಜಿ, ಇವಳಿಗೆ ಇದೆಲ್ಲ ಬರುತ್ತದಾ?"

"ಬತ್ತದೆ. ನಾಲ್ಕ್ ವರ್ಸಕ್ಕೇ ಬತ್ತಿತ್ತು."

"ಮತ್ತೆ ಮೂರು ವಾರದಿಂದ ನನಗೆ ಯಾಕೆ ಹೇಳಲಿಲ್ಲ?"

ದೊಡ್ಡಬಸಮ್ಮ ಎಲೆಗೆ ಸುಣ್ಣ ಸವರುತ್ತ ಅವಳನ್ನು ನೋಡಿದಳು. "ನೀನು ಕಕ್ಕಸು ಕಲ್ಸಾಕೆ ಬಂದಿದ್ದೆ. ಬಯ್ಲುಕಡೆ ಓಗಾದ ಕಲ್ಸಾಕೆ ಬಂದಿರ್ನಿಲ್ವಲ್ಲ ಮಗ. ದೊಡ್ಡ ಓದು ಓದಿರವಳು, ಏನೋ ಬ್ಯಾರೆ ತರದ್ದು ಇರ್ಬೇಕು ಅಂದ್ಕಂಡೆ."

"ಹಾಗಾದರೆ ಹಗಲು ಹೊತ್ತು ಅಂಗಳದಲ್ಲಿ ಯಾಕೆ ಮಾಡಿಕೊಳ್ಳುತ್ತಾಳೆ?"

"ಅಗಲೊತ್ತು ಯಾರು ಓಯ್ತಾರೆ ಜೊತೇಲಿ?" ಎಂದಳು ಶಿವಮ್ಮ. "ನಾವು ಅವಸ್ರ ಅದುಮ್ಕಂಡು ಸಂಜೆಗಂಟ ಇರ್ತೀವಿ. ಕೂಸು ಎಂಗೆ ಇದ್ದದು?"

"ಕಕ್ಕಸು ಇದೆಯಲ್ಲ. ನೀವೂ ಅಲ್ಲೇ ಹೋಗಬಹುದಲ್ಲ ಅಜ್ಜಿ, ಈ ವಯಸ್ಸಿನಲ್ಲಿ ಪೊದೆಯ ಕಡೆ ಯಾಕೆ?"

"ಅಲ್ಲಿ ಒಬ್ಬಳೇ ಕುಂತ್ಕಂಡು ಯಾರ ತಾವ ಮಾತಾಡನೆ? ಗೋಡೆ ತಾವಾ?"

ಭವ್ಯಶ್ರೀ ಪುಸ್ತಕ ತೆರೆದು ಹಿಂದಿನ ಪುಟಗಳನ್ನು ತಿರುವಿದಳು. ಮೂರು ವಾರ ಬಲ್ಬು, ಮಣೆ, ಆನೆ ಎಂದು ಅಲೆದವಳಿಗೆ ಮಗು ಮೊದಲ ದಿನದಿಂದಲೂ ಒಂದೇ ಸಮನೆ ಹೇಳುತ್ತಿದ್ದುದು ಈಗ ಕೇಳಿಸಿತು. ಹೋಗುವುದೆಂದರೆ ಜೊತೆಯಲ್ಲಿ ಹೋಗುವುದು. ಒಬ್ಬಳನ್ನೇ ಒಳಗೆ ಕಳಿಸಿ ಚಿಲಕ ಹಾಕುವುದು ಅವಳ ಲೆಕ್ಕದಲ್ಲಿ ಶಿಕ್ಷೆ. ಏನು ತಪ್ಪು ಮಾಡಿದೆ ಎಂದು ಯೋಚಿಸುತ್ತ ಹತ್ತು ನಿಮಿಷ ಕೂತು ಎದ್ದು ಬರುತ್ತಿದ್ದಳು, ಪಾಪ.

ಅವತ್ತೇ ಹತ್ತು ಗಂಟೆಗೆ ಭವ್ಯಶ್ರೀ ದೊಡ್ಡಬಸಮ್ಮನನ್ನು ಕಕ್ಕಸಿನ ಬಾಗಿಲಾಚೆ, ಹೊಂಗೆಯ ನೆರಳಲ್ಲಿ ಕೂರಿಸಿದಳು. ಸುಮ್ಮನೆ ಕೂರುವುದು ದೊಡ್ಡಬಸಮ್ಮನಿಗೆ ಬಾರದು. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕಾಲ, ಒಂದು ಮೊರ ಹಣ್ಣು ತಂದುಕೊಂಡಳು. ರಮ್ಯ ಒಳಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಅಜ್ಜಿ ಕುಟ್ಟುತ್ತ ಮಾತಾಡಿದಳು, ಒಳಗಿನಿಂದ ಹೂಂ ಬಂತು. ಇನ್ನೊಂದು ಮಾತು, ಇನ್ನೊಂದು ಹೂಂ. ಆಮೇಲೆ ಟೈಲ್ಸಿನ ಮೇಲೆ ನೀರು ಬಿದ್ದ ಸದ್ದು.

ಅಡುಗೆಮನೆಯ ಕಿಟಕಿಯಲ್ಲಿ ಕವಿತಳ ಮುಖ ಕಂಡಿತು, ಮತ್ತೆ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಅವಳು ಭವ್ಯಶ್ರೀಗೆ ಒಂದು ದೊಡ್ಡ ಲೋಟ ಕಾಫಿ ತಂದುಕೊಟ್ಟಳು. ಕಾಫಿಗೆ ಸಕ್ಕರೆ ಎರಡು ಸಲ ಹಾಕಿದ್ದಳು.

ಮುಂದಿನ ಹತ್ತು ದಿನ ಭವ್ಯಶ್ರೀಯ ಪುಸ್ತಕದಲ್ಲಿ ಬರೀ ಸರಿಗುರುತು. ಬೆಳಿಗ್ಗೆ, ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ. ಅವಳು ಬಾರದ ದಿನಗಳಲ್ಲಿ ಕವಿತಳೇ ಗುರುತು ಹಾಕುತ್ತಿದ್ದಳು. ಬೆಳಗಿನ ಪೊದೆಯ ಪ್ರಯಾಣವನ್ನೂ ಕಕ್ಕಸಿಗೇ ತಿರುಗಿಸಿದರು. ತಾನು ಪೊದೆಗೇ ಹೋಗುವುದೆಂದೂ, ಮೊಮ್ಮಗಳು ಒಳಗೆ ಹೋಗಿ ಬರುವವರೆಗೆ ಮಾತ್ರ ಕಾಯುವುದೆಂದೂ ದೊಡ್ಡಬಸಮ್ಮ ಖಡಾಖಂಡಿತವಾಗಿ ಹೇಳಿದ್ದಳು.

ಆದರೆ ನೆರಳು ಚೆನ್ನಾಗಿತ್ತು. ಹುಣಸೆಹಣ್ಣು ಎಲ್ಲರ ಮನೆಯಲ್ಲೂ ಇತ್ತು. ಮೂರನೇ ದಿನ ಶಿವಮ್ಮ ತನ್ನ ಮೊರ ತಂದಳು. ನಾಲ್ಕನೇ ದಿನ ರಾಮಮ್ಮ. ವಾರ ಕಳೆಯುವಷ್ಟರಲ್ಲಿ ಮಾದೇಶನ ಕಕ್ಕಸಿನ ಮುಂದೆ ಐದು ಜನ ಹೆಂಗಸರು, ಐದು ಗುಂಡುಕಲ್ಲು, ಒಂದು ಕೊಡ ಮಜ್ಜಿಗೆ. ರಮ್ಯ ಒಳಗೆ ಕೂತು ಎಲ್ಲ ಸುದ್ದಿಗೂ ಹೂಂಗುಟ್ಟುತ್ತ, ಕೆಲಸ ಮುಗಿದ ಮೇಲೂ ಸುದ್ದಿ ಮುಗಿಯಲಿ ಎಂದು ಕಾಯುತ್ತಿದ್ದಳು. ಊರ ಗಂಡಸರು ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟರು. ಒಂದು ಮಧ್ಯಾಹ್ನ ಊಟಕ್ಕೆ ಬಂದ ಮಾದೇಶ, "ಏನವ್ವಾ, ಗ್ರಾಮಸಭೆ ಇಲ್ಲಿಗೇ ಶಿಫ್ಟಾಯ್ತಾ?" ಎಂದದ್ದಕ್ಕೆ ದೊಡ್ಡಬಸಮ್ಮ, "ಅಲ್ಲಿ ಏನೂ ಕೆಲ್ಸ ಆಗಾಕಿಲ್ಲ ಕಣ್ಲಾ, ಇಲ್ಲಿ ಆಯ್ತದೆ" ಎಂದಳು.

ಖುಷಿಯಲ್ಲಿ ಎರಡು ದಿನ ಸರಿಯಾಗಿ ನಿದ್ದೆ ಮಾಡಿದ ಭವ್ಯಶ್ರೀಗೆ ಮೂರನೇ ದಿನ ಬಸ್ಸಿನಲ್ಲಿ ಒಂದು ಯೋಚನೆ ಬಂತು. ಹನೂರಿನ ಶಾಲೆಯಲ್ಲಿ ಹುಣಸೆಹಣ್ಣು ಕುಟ್ಟುವವರು ಯಾರು?

ಕೊಡುವ ಸಹಾಯವನ್ನು ಮೆಲ್ಲಮೆಲ್ಲಗೆ ಕರಗಿಸಬೇಕು ಎಂದು ಅವಳು ಓದಿದ ಪುಸ್ತಕದಲ್ಲಿತ್ತು. ಕೈ ಹಿಡಿದು ಕಲಿಸಿದರೆ ದಿನಾ ಒಂದಿಷ್ಟು ಹಿಡಿತ ಸಡಿಲಿಸಬೇಕು. ಐದು ಜನ ಹೆಂಗಸರನ್ನು ಕರಗಿಸುವುದು ಹೇಗೆಂದು ಅದರಲ್ಲಿ ಇರಲಿಲ್ಲ. ಆದರೂ ಪ್ರಯತ್ನ ಮಾಡಿದಳು. ಸೀಮೆಸುಣ್ಣದಿಂದ ಹಿತ್ತಿಲಿನ ಬಂಡೆಯ ಮೇಲೆ ಗೆರೆಗಳನ್ನು ಎಳೆದಳು. ಸೋಮವಾರ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರ, ಬುಧವಾರ ಎಂಟು, ಶುಕ್ರವಾರ ಕೊಟ್ಟಿಗೆಯ ಹತ್ತಿರ.

"ನಮ್ಮನ್ನ ತಮಿಳುನಾಡಿಗೆ ದಾಟಿಸ್ತಾವಳೆ ಕಣ್ರೇ" ಎಂದಳು ರಾಮಮ್ಮ.

"ಇನ್ನೊಂದ್ ವಾರ ಅಂದ್ರೆ ಗಡಿ ತಾವ ಹೂಗ್ಯಂನಲ್ಲಿ ಕುಂತಿರ್ತೀವಿ" ಎಂದಳು ಶಿವಮ್ಮ.

ಭವ್ಯಶ್ರೀ ಇರುವಷ್ಟು ಹೊತ್ತು ಅವರು ಗೆರೆಯ ಆಚೆ ಇರುತ್ತಿದ್ದರು. ಅವಳ ಬಸ್ಸು ಹೊರಟ ಮೇಲೆ ಒಂದೊಂದೇ ಮೊರ ಮೆಲ್ಲಗೆ ನೆರಳಿಗೆ ಸರಿಯುತ್ತಿತ್ತು. ಅವರು ಸರಿಯದಿದ್ದರೆ ರಮ್ಯಳೇ ಬಿಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ತಲೆ ಎಣಿಸಿದವಳ ಹಾಗೆ ನೋಡುವಳು. ದೂರ ಕೂತವರ ಕೈ ಹಿಡಿದೆಳೆದು ತಂದು ಅವರವರ ಜಾಗದಲ್ಲಿ ಕೂರಿಸಿ ಆಮೇಲೆ ಒಳಗೆ ಹೋಗುವಳು. ಒಂದು ದಿನ ಶಿವಮ್ಮನಿಗೆ ಜ್ವರವೆಂದು ಬಂದಿರಲಿಲ್ಲ. ರಮ್ಯ ಅವಳ ಮನೆಯವರೆಗೆ ಹೋಗಿ, ಕಂಬಳಿ ಎಳೆದು, "ಬಾ" ಎಂದಳು.

ಅದು ಅವಳ ನಾಲ್ಕನೇ ಮಾತು. ಭವ್ಯಶ್ರೀ ಗಾಬರಿಯಲ್ಲಿ ಅದನ್ನು ಗಮನಿಸಲೇ ಇಲ್ಲ. ಪುಸ್ತಕದಲ್ಲಿ "ಹಿನ್ನಡೆ, ಇತರರನ್ನು ಕರೆಯುತ್ತಿದ್ದಾಳೆ" ಎಂದು ಬರೆದು ಕೆಳಗೆ ಗೆರೆ ಎಳೆದಳು.

ಜೂನ್ ಹತ್ತು ಬಂದೇಬಿಟ್ಟಿತು. ಹಿಂದಿನ ದಿನ ಅವಳು ಕವಿತಳಿಗೆ ಫೋನು ಮಾಡಿ, ಇನ್ನೂ ಒಂದು ತಿಂಗಳು ಸಮಯ ಕೇಳೋಣವೇ ಎಂದಿದ್ದಳು.

"ಕೊಡ್ತಾರಾ?"

"ಕೊಡಲಿಕ್ಕಿಲ್ಲ."

"ಮತ್ತೆ ಓಗೇ ನೋಡನ ಮೇಡಂ" ಎಂದಳು ಕವಿತ. ಆಮೇಲೆ, "ಸೀಟು ಒರ್ಸಾಕೆ ಒಂದ್ ಅಳೇ ಬಟ್ಟೆ ಮಡಿಕಂಡಿವ್ನಿ" ಎಂದು ನಗಲು ನೋಡಿದಳು.

ಹೊರಡುವಾಗ ಶಿವಮ್ಮ, ರಾಮಮ್ಮ ಇಬ್ಬರೂ ಒಳ್ಳೆಯ ಸೀರೆಯುಟ್ಟು ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಭವ್ಯಶ್ರೀ ಕೈಮುಗಿದು, ಕಾಲು ಹಿಡಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿ ಅವರನ್ನು ಹಿಂದಕ್ಕೆ ಕಳಿಸಿದಳು. ದೊಡ್ಡಬಸಮ್ಮ ಮಾತ್ರ ಬಸ್ಸಿನೊಳಗೆ ಆಗಲೇ ಕೂತಿದ್ದಳು, ಎಬ್ಬಿಸುವಂತಿರಲಿಲ್ಲ.

ಶಿವನಂಜಮ್ಮ ಮಿಸ್ ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ರಮ್ಯಳ ಕೈಗೆ ಎರಡು ಲೋಟ ನೀರು ಕೊಟ್ಟು ಕುಡಿಸಿದರು. "ಹನ್ನೆರಡೂವರೆವರೆಗೆ ಇಲ್ಲಿರಲಿ. ನೀವು ಮೂವರೂ ಗೇಟಿನ ಹೊರಗೆ. ಒಳಗೆ ಇಣುಕಬಾರದು, ಸನ್ನೆ ಮಾಡಬಾರದು" ಎಂದರು. ಕೊನೆಯ ಮಾತನ್ನು ಭವ್ಯಶ್ರೀಯ ಮುಖ ನೋಡಿಯೇ ಹೇಳಿದರು.

ಗೇಟಿನ ಎದುರು ಒಂದು ಟೀ ಅಂಗಡಿಯ ಬೆಂಚು. ಅಲ್ಲಿಂದ ಗೇಟಿನ ಸರಳುಗಳ ನಡುವೆ ಶಾಲೆಯ ಜಗಲಿಯೂ ಅದರ ಕೊನೆಯಲ್ಲಿ ಹಸಿರು ಬಾಗಿಲಿನ ಕಕ್ಕಸೂ ಚೆನ್ನಾಗಿ ಕಾಣುತ್ತಿದ್ದವು. ನೋಡಬಾರದೆಂದು ಭವ್ಯಶ್ರೀ ಬೆಂಚಿನ ಮೇಲೆ ಬೆನ್ನು ಮಾಡಿ ಕೂತಳು. "ಏನಾಯಿತು?" ಎಂದು ಎರಡು ನಿಮಿಷಕ್ಕೊಮ್ಮೆ ಕೇಳಿದಳು.

"ಏನೂ ಇಲ್ಲ. ಮಣಿ ಪೋಣಿಸ್ತಾವಳೆ" ಎಂದಳು ದೊಡ್ಡಬಸಮ್ಮ.

"ಈಗ?"

"ಈಗ್ಲೂ ಅದೇ ಮಣಿ. ನೀನು ನೀರು ಕುಡಿ."

ಹನ್ನೊಂದಕ್ಕೆ ಗಂಟೆ ಬಾರಿಸಿದರು. ಸ್ವಲ್ಪ ಹೊತ್ತಿಗೆ ಕವಿತ ಭವ್ಯಶ್ರೀಯ ಮೊಣಕೈ ಹಿಡಿದಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಭವ್ಯಶ್ರೀ ತಿರುಗಲೇಬೇಕಾಯಿತು.

ರಮ್ಯ ಹಸಿರು ಬಾಗಿಲಿನ ಮುಂದೆ ನಿಂತಿದ್ದಳು. ಒಳಗೆ ಇಣುಕಿದಳು. ಹೊರಗೆ ನೋಡಿದಳು. ಬಾಗಿಲಾಚೆ ಬರೀ ಸಿಮೆಂಟಿನ ಮೂರು ಮೆಟ್ಟಿಲು, ಯಾರೂ ಇಲ್ಲ. ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ತಿರುಚಿದಳು. ಅಂಗಳದ ನಡುವಿಗೆ ನಾಲ್ಕು ಹೆಜ್ಜೆ ಬಂದಳು. ಕವಿತ ಚೀಲದೊಳಗೆ ಕೈ ಹಾಕಿ ಆ ಹಳೆಯ ಬಟ್ಟೆಯನ್ನು ಹಿಡಿದುಕೊಂಡಿದ್ದಳು.

ಅಂಗಳದ ನಡುವೆ ರಮ್ಯ ನಿಲ್ಲಲಿಲ್ಲ. ಜಗಲಿಯಲ್ಲಿ ಮೇಜಿನ ಮುಂದೆ ಏನೋ ಬರೆಯುತ್ತಿದ್ದ ಶಿವನಂಜಮ್ಮ ಮಿಸ್ ಹತ್ತಿರ ನೇರ ಹೋಗಿ, ಅವರ ಕೈಯಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟು, ಕೈ ಹಿಡಿದು, "ಬಾ" ಎಂದಳು.

ಮಿಸ್ ಆಯಾಳನ್ನು ಕೂಗಿದರು. ಆಯಾ ಬಂದಳು, ಆದರೆ ರಮ್ಯ ಮಿಸ್ಸಿನ ಕೈ ಬಿಡಲಿಲ್ಲ, ಆಯಾಳ ಕೈಯನ್ನೂ ಹಿಡಿದಳು. ಇಬ್ಬರನ್ನೂ ಕರೆತಂದು ಮೆಟ್ಟಿಲ ಮೇಲೆ ಕೂರಿಸಿದಳು. ದೂರ ನಿಂತು ನೋಡಿದಳು. ಸಾಲದೆನಿಸಿತೇನೋ, ನೀರಿನ ತೊಟ್ಟಿಯ ಹತ್ತಿರ ಆಡುತ್ತಿದ್ದ ಇಬ್ಬರು ಹುಡುಗಿಯರನ್ನೂ ಎಳೆದು ತಂದಳು. ಅಷ್ಟರಲ್ಲಿ ಅವಳ ನಡಿಗೆ ಬಹಳ ಅವಸರದ್ದಾಗಿತ್ತು. ನಾಲ್ವರೂ ಕೂತರೆಂದು ಖಾತ್ರಿಯಾದ ಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೆಟ್ಟಿಲ ಮೇಲೆ ಕೂತ ನಾಲ್ವರೂ ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ಮಾತಾಡ್ರವ್ವ ಏನಾರ, ಮಾತಾಡ್ದೆ ಇದ್ರೆ ಅದ್ಕೆ ಆಗಾಕಿಲ್ಲ" ಎಂದು ದೊಡ್ಡಬಸಮ್ಮ ಬೆಂಚಿನಲ್ಲೇ ಗೊಣಗಿದಳು.

ಅವಳ ಮಾತು ಅಲ್ಲಿಗೆ ಕೇಳಿಸುವಂತಿರಲಿಲ್ಲ. ಆದರೂ ಆಯಾ ಮಿಸ್ಸಿಗೆ ಏನೋ ಹೇಳಿದಳು. ಮಿಸ್ ಏನೋ ಕೇಳಿದರು. ಹುಡುಗಿಯರಲ್ಲಿ ಒಬ್ಬಳು ನಕ್ಕಳು. ಐದು ನಿಮಿಷವಾಯಿತು. ಬಾಗಿಲು ತೆರೆದು ರಮ್ಯ ಬಂದಳು. ಲಂಗ ನೇರವಿತ್ತು, ಎರಡೂ ಕೈ ನೀರಿನಲ್ಲಿ ತೊಟ್ಟಿಕ್ಕುತ್ತಿದ್ದವು. ಮಿಸ್ ಎದ್ದು ಒಳಗೆ ಹೋಗಿ ನೋಡಿದರು. ಆಮೇಲೆ ಸೀದಾ ಗೇಟಿಗೆ ಬಂದರು.

"ಏನಮ್ಮ ಇದು?"

ಭವ್ಯಶ್ರೀ ಎದ್ದು ನಿಂತು ಎಲ್ಲವನ್ನೂ ಒಪ್ಪಿಕೊಂಡಳು. ಪೊದೆ, ಹುಣಸೆಹಣ್ಣು, ಸೀಮೆಸುಣ್ಣದ ಗೆರೆ. ತಪ್ಪು ತನ್ನದೇ, ಕರಗಿಸಲು ಆಗಲಿಲ್ಲ, ಇನ್ನೆರಡು ತಿಂಗಳು ಕೊಟ್ಟರೆ ಜನರನ್ನು ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿಸಬಹುದು ಎಂದು ಪುಸ್ತಕ ತೆರೆದು ಹಿನ್ನಡೆಯ ಪುಟವನ್ನು ತಾನೇ ತೋರಿಸಿದಳು.

ಶಿವನಂಜಮ್ಮ ಮಿಸ್ ಕನ್ನಡಕ ತೆಗೆದು ಒರೆಸಿಕೊಂಡರು. "ಮೂವತ್ತು ವರ್ಷದ ಸರ್ವೀಸಿನಲ್ಲಿ ನನ್ನನ್ನು ಕಕ್ಕಸಿನ ಮುಂದೆ ಯಾರೂ ಕೂರಿಸಿರಲಿಲ್ಲ" ಎಂದರು. "ಅವಳು ಹೇಳಿದಳಾ?"

"ಹೇಳಿದಳು ಮಿಸ್, ಆದರೆ..."

"ಒಳಗೆ ಯಾರಾದರೂ ಹೋದರಾ?"

"ಇಲ್ಲ. ಆದರೆ ಹೊರಗೆ..."

"ನೀವು ಶಾಲೆಗೆ ಹೋಗುವಾಗ ಕಕ್ಕಸಿಗೆ ಒಬ್ಬರೇ ಹೋಗುತ್ತಿದ್ದಿರಾ?"

ಭವ್ಯಶ್ರೀಗೆ ಯಳಂದೂರಿನ ಹೈಸ್ಕೂಲು, ಗೆಳತಿಯೊಬ್ಬಳು ಎದ್ದು ನಿಂತರೆ ಬೇಡದಿದ್ದರೂ ತಾನೂ ಎದ್ದು ನಿಲ್ಲುತ್ತಿದ್ದುದು, "ಇಬ್ಬಿಬ್ಬರು ಯಾಕೆ?" ಎಂದು ಮೇಷ್ಟ್ರು ದಿನವೂ ಬೈಯುತ್ತಿದ್ದುದು, ಎಲ್ಲ ಒಟ್ಟಿಗೇ ನೆನಪಾದವು. ಪುಸ್ತಕ ಮುಚ್ಚಿದಳು.

"ನಾನು ದಿನಾ ಕೂರುವುದಕ್ಕಾಗುವುದಿಲ್ಲ" ಎಂದರು ಮಿಸ್. "ಒಬ್ಬ ಹುಡುಗಿಯನ್ನು ಜೊತೆ ಮಾಡುತ್ತೇನೆ. ನಾಲ್ಕು ಜನ ಬೇಕು ಎಂದು ಹಟ ಮಾಡಿದರೆ ಆಗ ನಿಮ್ಮನ್ನು ಕರೆಸುತ್ತೇನೆ, ಬಂದು ಕರಗಿಸಿ." ಕವಿತಳ ಕಡೆ ತಿರುಗಿ, "ಜನನ ಪ್ರಮಾಣಪತ್ರ ತಂದಿದ್ದೀರಾ?" ಎಂದರು.

ಕವಿತ ಚೀಲದಿಂದ ಮೊದಲು ಹಳೆಯ ಬಟ್ಟೆ ತೆಗೆದಳು, ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾಗದಗಳ ಕವರು ಹುಡುಕಿದಳು. "ವ್ಯಾನು ಎಷ್ಟೊತ್ಗೆ ಬತ್ತದೆ ಮಿಸ್?" ಎಂದು ಕೇಳಿದಳು. ಎಂಟೂವರೆಗೆ ಎಂದರು. "ಎಂಟೂವರೆ" ಎಂದು ಅವಳು ದೊಡ್ಡಬಸಮ್ಮನಿಗೆ ಹೇಳಿದಳು, ಅತ್ತೆ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದರೂ.

ಒಳಗೆ ಅಂಗಳದಲ್ಲಿ, ಎಳೆದು ತಂದಿದ್ದ ಇಬ್ಬರು ಹುಡುಗಿಯರಲ್ಲಿ ಒಬ್ಬಳು, ಉದ್ದ ಜಡೆಯವಳು, ಎದ್ದು ರಮ್ಯಳ ತೋಳು ಹಿಡಿದು ಹಸಿರು ಬಾಗಿಲಿನ ಕಡೆಗೆ ಎಳೆದಳು. ತಾನೀಗ ಮತ್ತೆ ಯಾಕೆ ಹೋಗಬೇಕು ಎಂಬಂತೆ ರಮ್ಯ "ಇಲ್ಲ" ಎಂದಳು. ಜಡೆಯವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಗ ರಮ್ಯಳಿಗೆ ತಿಳಿಯಿತು. ಮೆಟ್ಟಿಲ ಮೇಲೆ ಕುಳಿತು, ಲಂಗವನ್ನು ಮೊಣಕಾಲಿನ ಮೇಲೆ ಸರಿಮಾಡಿಕೊಂಡು, ಮುಚ್ಚಿದ ಬಾಗಿಲಿನ ಕಡೆಗೆ ಮುಖ ಮಾಡಿ, ಯಾರಿಗೂ ಅರ್ಥವಾಗದ ಒಂದು ದೊಡ್ಡ ಸುದ್ದಿಯನ್ನು ಹೇಳತೊಡಗಿದಳು.